ಖಾಕಿಯಕ್ಕನ ಆರು ಬಣ್ಣ

ಆ ಬೀದಿಯಲ್ಲಿ ಖಾಕಿಯಕ್ಕ ಅಂದರೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಅವಳು ಪೊಲೀಸಿನವಳಲ್ಲ, ಪೊಲೀಸಿನವನ ಹೆಂಡತಿಯೂ ಅಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಹೊಲಿಗೆಯವಳು. ಮದುವೆಯಾಗಿ ಬಂದ ವರ್ಷ ಅಲ್ಲಿ ಸೇರಿದವಳು ತಲೆ ಪೂರ್ತಿ ಬೆಳ್ಳಗಾಗುವ ತನಕ ಬಿಡಲಿಲ್ಲ. ಕಾವಲುಗಾರರಿಗೆ ಖಾಕಿ, ಬಸ್ಸಿನವರಿಗೆ ಬೂದಿ, ಶಾಲೆ ಮಕ್ಕಳಿಗೆ ಕಡುನೀಲಿ, ಆಸ್ಪತ್ರೆಯ ಆಯಾಗಳಿಗೆ ನೂರು ಸಲ ತೊಳೆದಂಥ ಹಸಿರು. ಈ ನಾಲ್ಕು ಬಿಟ್ಟರೆ ಐದನೇ ಬಣ್ಣ ಅವಳ ಸೂಜಿಯ ಕೆಳಗೆ ಬಂದದ್ದೇ ಇಲ್ಲ.

"ಊರಿನ ಅರ್ಧ ಜನಕ್ಕೆ ನಾನೇ ಬಟ್ಟೆ ತೊಡಿಸಿದ್ದೀನಿ. ಒಬ್ಬರಿಗೂ ಕೆಂಪು ಕೊಡಲಿಲ್ಲ ನೋಡು" ಅನ್ನುತ್ತಿದ್ದಳು, ನಗುತ್ತಲೇ. ಆದರೆ ಆ ನಗುವಿನ ಒಳಗೆ ಒಂದು ಮುಳ್ಳು ಇರುತ್ತಿತ್ತು.

ಗಂಡ ಹೋಗಿ ಬಹಳ ಕಾಲವಾಗಿತ್ತು. ಮಕ್ಕಳಿಲ್ಲ. ಮನೆಯ ಮಹಡಿಯ ಮೇಲೆ ಒಂದೇ ಒಂದು ಕೋಣೆ, ಅದು ಅವಳದು. ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಎರಡು ಕಡೆ ಕಿಟಕಿ, ಮುಂದೆ ತಾರಸಿ. ಬಿಸಿಲು ಬೆಳಿಗ್ಗೆ ಒಂದು ಕಿಟಕಿಯಿಂದ ಒಳಗೆ ಬಂದು, ಸಂಜೆ ಇನ್ನೊಂದರಿಂದ ಹೇಳಿ ಹೋಗುತ್ತಿತ್ತು. ಕೆಳಗಿನ ಮನೆಯಲ್ಲಿ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಮತ್ತು ಅವಳ ಮಗ. ಮೈದುನನೂ ತೀರಿಕೊಂಡಿದ್ದ. ಮಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಎಲ್ಲದಕ್ಕೂ ಒಂದು ಮಾತ್ರೆ ಇದೆ ಅಂತ ನಂಬಿದವನು.

ನಡುಕ ಮೊದಲು ಬಂದದ್ದು ಸೂಜಿಗೆ ದಾರ ಪೋಣಿಸುವಾಗ. ಕಣ್ಣು ಮಂಜಾಯಿತು ಅಂದುಕೊಂಡಳು. ಆಮೇಲೆ ಗುಂಡಿಯ ಕಾಜಾ ಹೊಲಿಯುವಾಗ ಬಂತು. ಆಮೇಲೆ ತಟ್ಟೆಯಿಂದ ಬಾಯಿಗೆ ಹೋಗುವ ದಾರಿಯಲ್ಲೂ ಬಂತು. ಡಾಕ್ಟರು ಎರಡೂ ಕೈ ಮುಂದೆ ಚಾಚಿಸಿ ನೋಡಿ, "ಅಮ್ಮ, ಇದು ನಿಮ್ಮನ್ನು ಕೊಲ್ಲಲ್ಲ. ಆದರೆ ಬಿಟ್ಟೂ ಹೋಗಲ್ಲ" ಅಂದರು.

"ಹಂಗಾದ್ರೆ ಇದು ನನ್ನ ಓರಗಿತ್ತಿ ಇದ್ದಂಗೆ ಅನ್ನಿ" ಅಂದಳು ಖಾಕಿಯಕ್ಕ. ಡಾಕ್ಟರು ನಕ್ಕರು. ಜೊತೆಗೆ ಹೋಗಿದ್ದ ಓರಗಿತ್ತಿ ನಗಲಿಲ್ಲ.

ಕಾರ್ಖಾನೆಯವರು ಒಂದು ಶಾಲು ಹೊದಿಸಿ ಮನೆಗೆ ಕಳಿಸಿದರು. ಶಾಲು ಕೂಡ ಬೂದಿ ಬಣ್ಣದ್ದೇ.

ಕೆಲಸ ಇಲ್ಲದ ಕೈ ಕೋತಿಯ ಕೈ ಇದ್ದಂಗೆ. ಏನಾದರೂ ಹಿಡಿಯಬೇಕು. ಪಕ್ಕದ ಬೀದಿಯ ವಾಚನಾಲಯದ ಮಹಡಿಯಲ್ಲಿ ಡ್ರಾಯಿಂಗ್ ಟೀಚರ್ ಒಬ್ಬರು ದೊಡ್ಡವರಿಗೆ ಚಿತ್ರ ಕಲಿಸುತ್ತಿದ್ದರು. ಖಾಕಿಯಕ್ಕ ಒಂದು ದಿನ ಸುಮ್ಮನೆ ಹತ್ತಿ ನೋಡಿದಳು. ಅಲ್ಲಿ ಬ್ರಷ್ಷೇ ಇರಲಿಲ್ಲ. ಅಕ್ರಿಲಿಕ್ ಬಣ್ಣವನ್ನು ಜೇನಿನ ಹದಕ್ಕೆ ಕಲಸಿ, ಒಂದೇ ಲೋಟದಲ್ಲಿ ಒಂದರ ಮೇಲೊಂದು ಹೊಯ್ದು, ಹಲಗೆಯ ಮೇಲೆ ಸುರಿದು, ಹಲಗೆಯನ್ನು ಆ ಕಡೆ ಈ ಕಡೆ ಓರೆ ಮಾಡುತ್ತಿದ್ದರು. ಬಣ್ಣ ತಾನೇ ಹರಿದು ತಾನೇ ಚಿತ್ರ ಬರೆಯುತ್ತಿತ್ತು. ಕೆಂಪು ಹೊಳೆಯಂತೆ, ಹಳದಿ ದಂಡೆಯಂತೆ, ನೀಲಿ ನಡುವೆ ಕಣ್ಣು ಬಿಟ್ಟಂತೆ.

ಅವಳು ಇನ್ನೂ ಹತ್ತಿರ ಹೋಗಿ ಹಲಗೆಯ ಮೇಲೆ ಬಗ್ಗಿದಳು. ಬ್ರಷ್ ಹಿಡಿಯುವಂತಿಲ್ಲ, ಗೆರೆ ಎಳೆಯುವಂತಿಲ್ಲ. ಸುರಿಯುವುದು ತಾನೆ! ನಡುಗುವ ಕೈಗೆ ಸುರಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಲೋಟ ಹಿಡಿದಾಗಲೆಲ್ಲ ಅದು ಸುರಿದೇ ಸುರಿಯುತ್ತಿತ್ತು.

ಆದರೆ ಸುರಿದದ್ದು ಬಣ್ಣವಾಗಿ ಉಳಿಯಬೇಕಲ್ಲ.

ಮೊದಲ ಹಲಗೆಗೆ ಅವಳು ಮನೆಯ ಗೋಡೆಗೆ ಬಳಿದು ಮಿಕ್ಕಿದ್ದ ಬಿಳಿ ಸುಣ್ಣಬಣ್ಣ ಬೆರೆಸಿದಳು, ಹಾಳಾಗುವುದು ಯಾಕೆ ಅಂತ. ಆ ಬಿಳಿ ಹಸಿದ ಎಮ್ಮೆಯ ಹಾಗೆ ಎಲ್ಲ ಬಣ್ಣವನ್ನೂ ನುಂಗಿ ಕುಳಿತಿತು. ಕೆಂಪು ಹೋಗಿ ಒಸಡಿನ ಬಣ್ಣವಾಯಿತು. ಎರಡನೇ ಸಲ ಬಣ್ಣದ ಟ್ಯೂಬು ಹಿಚುಕಲು ಬೆರಳಿಗೆ ಬಲ ಸಾಲದೆ, ಬಂದಷ್ಟು ಬಣ್ಣಕ್ಕೆ ಧಾರಾಳ ನೀರು ಹೊಯ್ದಳು. ಹಸಿಯಿದ್ದಾಗ ಚಂದ ಇತ್ತು. ಒಣಗಿದ ಮೇಲೆ ಮಳೆಯಲ್ಲಿ ನೆಂದ ಪೋಸ್ಟರಿನ ಹಾಗೆ ಸುಕ್ಕು, ಪೇಲವ. "ನೀರು ಜಾಸ್ತಿಯಾದರೆ ಬಣ್ಣವನ್ನು ಹಿಡಿದಿಟ್ಟುಕೊಳ್ಳುವ ಅಂಟು ಸಡಿಲ ಆಗುತ್ತೆ ಅಮ್ಮ. ತೆಳು ಮಾಡೋಕೆ ಅಂತಲೇ ಈ ದ್ರವ ಇದೆ, ಇದನ್ನು ಬೆರೆಸಿ" ಅಂತ ಟೀಚರ್ ಒಂದು ಬಾಟಲಿ ಕೊಟ್ಟರು. ಮೂರನೇ ಸಲ ಆರು ಬಣ್ಣಕ್ಕೂ ಅದನ್ನೇ ಬೆರೆಸಿದಳು, ಹದ ಸರಿ ಬಂತು, ಸುರಿದಳು, ಹಲಗೆ ಎತ್ತಿ ಓರೆ ಮಾಡಿದಳು. ಕೈ ನಡುಗಿತು. ಕೆಂಪು ಹೋಗಿ ಹಸಿರಿನ ಮೈಮೇಲೆ ಬಿತ್ತು, ಹಳದಿ ಹೋಗಿ ನೇರಳೆಯನ್ನು ತಬ್ಬಿಕೊಂಡಿತು. ನೋಡನೋಡುತ್ತಿದ್ದ ಹಾಗೆ ಆರೂ ಬಣ್ಣ ಕಲಸಿ ಒಂದೇ ಆದವು.

ಅದನ್ನು ಮನೆಗೆ ತಂದು ತಾರಸಿಯಲ್ಲಿ ಒಣಗಲಿಟ್ಟಾಗ ಓರಗಿತ್ತಿ ಬಟ್ಟೆ ಹರವಲು ಮೇಲೆ ಬಂದಿದ್ದಳು. ಸೊಂಟದ ಮೇಲೆ ಬಕೆಟ್ಟು ಇಟ್ಟುಕೊಂಡು ಹಲಗೆಯನ್ನು ಬಹಳ ಹೊತ್ತು ನೋಡಿದಳು.

"ಎಷ್ಟು ಬಣ್ಣ ಹಾಕಿದ್ದೆ ಅಕ್ಕ ಇದಕ್ಕೆ?"

"ಆರು."

"ಆರು ಬಣ್ಣ ಹಾಕಿ, ಅಷ್ಟು ಕಷ್ಟಪಟ್ಟು, ಕೊನೆಗೆ ಖಾಕಿಯನ್ನೇ ಮಾಡಿದೆಯಲ್ಲೇ ಮಹರಾಯ್ತಿ!"

ಖಾಕಿಯಕ್ಕ ತಿರುಗಿ ಹಲಗೆ ನೋಡಿದಳು. ಸುಳ್ಳಲ್ಲ. ಅವಳು ಜೀವಮಾನವೆಲ್ಲ ಹೊಲಿದ ಬಟ್ಟೆಯ ಬಣ್ಣವೇ, ಅದೇ ಮಣ್ಣು, ಅದೇ ಧೂಳು. ಅವತ್ತು ಊಟ ಸೇರಲಿಲ್ಲ.

ಅದೇ ವಾರ ಇನ್ನೊಂದು ಆಯಿತು. ಕೆಳಗಿನಿಂದ ಬಿಸಿ ಚಹಾದ ಪಾತ್ರೆ ತೆಗೆದುಕೊಂಡು ಹತ್ತುವಾಗ ಕೈ ತಪ್ಪಿ, ಚಹಾ ಮೆಟ್ಟಿಲ ಮೇಲಿಂದ ಕೆಳಗಿನ ಅಂಗಳದ ತನಕ ಹರಿಯಿತು. ಪಾತ್ರೆ ಉರುಳಿದ ಸದ್ದಿಗೆ ಅಕ್ಕಪಕ್ಕದವರೆಲ್ಲ ಇಣುಕಿದರು. ಖಾಕಿಯಕ್ಕನ ಕಾಲಿಗೆ ಒಂದು ಬೊಬ್ಬೆ ಎದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಮೈದುನನ ಮಗ ಮುಲಾಮು ಹಚ್ಚುತ್ತಾ, ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ ಮಾತು ತೆಗೆದ.

"ದೊಡ್ಡಮ್ಮ, ಇನ್ನು ನೀವು ಕೆಳಗೆ ಬಂದುಬಿಡಿ. ಅಡುಗೆಮನೆ ಹಿಂದಿನ ಕೋಣೆ ಖಾಲಿ ಮಾಡಿಸ್ತೀನಿ."

"ಯಾಕಪ್ಪ, ಮೇಲೆ ಸೋರ್ತಾ ಇದೆಯಾ?"

"ಸೋರೋದು ಮನೆ ಅಲ್ಲ ಅಕ್ಕ, ನಿನ್ನ ಕೈ" ಅಂದಳು ಓರಗಿತ್ತಿ. "ಸ್ವಾಧೀನ ಇಲ್ಲದ ಕೈ ಇಟ್ಟುಕೊಂಡು ಆ ಮೆಟ್ಟಿಲು ಹತ್ತಿ ಇಳೀತೀಯ. ನಾಳೆ ಬಿದ್ದು ಸೊಂಟ ಮುರಕೊಂಡರೆ ಎತ್ತೋರು ಯಾರು? ನಾನೇನು ಎಳೇ ಪ್ರಾಯದೋಳಾ?"

ಅಡುಗೆಮನೆ ಹಿಂದಿನ ಕೋಣೆಯನ್ನು ಖಾಕಿಯಕ್ಕ ಬಲ್ಲಳು. ಅದಕ್ಕೆ ಒಂದು ಕಿಟಕಿ, ಆ ಕಿಟಕಿಗೆ ಪಕ್ಕದ ಮನೆಯ ಗೋಡೆ. ಹಗಲು ಹೊತ್ತಲ್ಲೇ ದೀಪ ಹಾಕಬೇಕು. ಅಲ್ಲಿ ಕೂತರೆ ಕೆಂಪೂ ಒಂದೇ, ಕಂದೂ ಒಂದೇ.

"ನನ್ನ ಕೈ ನನ್ನ ಮಾತು ಕೇಳುತ್ತೆ" ಅಂದಳು.

"ಕೇಳುತ್ತಾ? ಹಂಗಾದ್ರೆ ಆ ನಿನ್ನ ಆರು ಬಣ್ಣ ಒಂದು ಹಲಗೆ ಮೇಲೆ ಸುರಿ. ಒಂದಕ್ಕೊಂದು ಕಲಸಬಾರದು, ಮಂಕಾಗಬಾರದು, ಕನ್ನಡಕ ಇಲ್ಲದೆ ನನಗೆ ಆರೂ ಬೇರೆಬೇರೆ ಕಾಣಬೇಕು. ಕಂಡರೆ ನಾನು ಇನ್ನು ಆ ಮಾತು ಎತ್ತಲ್ಲ. ಕಾಣದಿದ್ದರೆ ಸುಮ್ಮನೆ ಕೆಳಗೆ ಬರಬೇಕು."

"ಮುಂದಿನ ತಿಂಗಳು ನನಗೆ ರಜೆ ಇದೆ" ಅಂತ ಮಗ ಸೇರಿಸಿದ, "ಅಷ್ಟರೊಳಗೆ ಆಗಲಿ. ಮಂಚ ಇಳಿಸೋಕೆ ನಾನು ಬೇಕಲ್ಲ."

ಖಾಕಿಯಕ್ಕ ಒಂದು ಕ್ಷಣ ತನ್ನ ಕೈಗಳನ್ನು ನೋಡಿಕೊಂಡಳು. ಅವು ಮಡಿಲಲ್ಲಿ ಎರಡು ಗುಬ್ಬಿಗಳ ಹಾಗೆ ಅದುರುತ್ತಿದ್ದವು. "ಆಗಲಿ" ಅಂದಳು. ಓರಗಿತ್ತಿ ಬಾಯಿ ಹರಿತ, ಆದರೆ ತಕ್ಕಡಿ ಓರೆ ಮಾಡುವವಳಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ. ಅದೇ ಧೈರ್ಯ, ಅದೇ ಭಯ.

ಟೀಚರ್ ಹತ್ತಿರ ಹೋಗಿ ಹೇಳಿಕೊಂಡಳು. ಅವರು ಸೌಮ್ಯ ಸ್ವಭಾವದವರು. "ಅಮ್ಮ, ನೀಲಿ ಬಿಳಿ ಎರಡೇ ಸುರೀರಿ. ಎಷ್ಟು ಕಲಸಿದರೂ ಕೆಡಲ್ಲ, ಆಕಾಶ ಆಗುತ್ತೆ" ಅಂದರು.

"ಆಕಾಶ ಕಿಟಕಿಯಲ್ಲೇ ಇದೆ. ನನಗೆ ಕೆಂಪು ಬೇಕು. ಕೆಂಪಿನ ಪಕ್ಕದಲ್ಲಿ ಹಸಿರು ಬೇಕು. ಎರಡೂ ಜಗಳ ಆಡದೆ ಇರಬೇಕು."

"ಅವೆರಡು ಹುಟ್ಟು ವೈರಿಗಳಮ್ಮ. ಸೇರಿದರೆ ಕೆಸರೇ. ಲೋಟದಲ್ಲಿ ಹೊಯ್ಯುವಾಗ ಮಧ್ಯೆ ಒಂದು ಪದರ ಬಿಳಿ ಹಾಕಬೇಕು. ಒಳ್ಳೆ ಬಿಳಿ, ಗೋಡೆಯದಲ್ಲ."

ಖಾಕಿಯಕ್ಕನಿಗೆ ತಟ್ಟನೆ ಅರ್ಥವಾಯಿತು. ಬಣ್ಣ ಬಿಡುವ ಎರಡು ಬಟ್ಟೆ ಒಟ್ಟಿಗೆ ಹೊಲಿಯಬೇಕಾದರೆ ನಡುವೆ ಅಸ್ತರಿನ ಹಾಗೆ ಒಂದು ಬಿಳಿ ಒಳಬಟ್ಟೆ ಇಡುವುದಿಲ್ಲವೇ? ಅದೇ ಇದು. ಅವತ್ತಿನಿಂದ ಅವಳು ಆ ಬಿಳಿಯನ್ನು ಒಳಬಟ್ಟೆ ಅಂತಲೇ ಕರೆದಳು. ಕೆಂಪು, ಒಳಬಟ್ಟೆ, ಹಸಿರು. ಹಳದಿ, ಒಳಬಟ್ಟೆ, ನೇರಳೆ. ನೀಲಿ, ಒಳಬಟ್ಟೆ, ಕಿತ್ತಳೆ. ಬಣ್ಣಗಳನ್ನು ಸೊಕ್ಕಿದ ಬೀಗರನ್ನು ಕೂರಿಸುವ ಹಾಗೆ ದೂರ ದೂರ ಕೂರಿಸಿದಳು.

ಆದರೂ ಓರೆ ಮಾಡುವಾಗ ಕೆಡುತ್ತಿತ್ತು. ಹಲಗೆ ಕೈಗೆ ಬಂತೋ ಇಲ್ಲವೋ, ನಡುಕ ಹಲಗೆಗೂ ಇಳಿಯುತ್ತಿತ್ತು. ಒಳಬಟ್ಟೆ ಹರಿದು ಬೀಗರು ಕೈ ಕೈ ಮಿಲಾಯಿಸುತ್ತಿದ್ದರು.

"ಓರೆ ಮಾಡೋದು ನಾನು ಮಾಡಿಕೊಡ್ತೀನಿ ಬಿಡಿ" ಅಂದರು ಟೀಚರ್.

"ಆವಾಗ ಅದು ನಿಮ್ಮ ಹಲಗೆ ಆಗುತ್ತೆ. ನಿಮ್ಮನ್ನು ಯಾರೂ ಕೆಳಗೆ ಇಳಿಸ್ತಾ ಇಲ್ಲವಲ್ಲ."

ಮನೆಗೆ ಬಂದು ಕಿಟಕಿಯ ಬಳಿ ತನ್ನ ಹಳೇ ಹೊಲಿಗೆ ಮೆಶಿನ್ನಿನ ಮುಂದೆ ಕೂತಳು. ಹೊಲಿಯುವುದು ನಿಂತು ಎಷ್ಟೋ ಕಾಲವಾಗಿದ್ದರೂ ಕೂರುವುದಕ್ಕೆ ಅವಳಿಗೆ ಅದೇ ಜಾಗ. ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತಾ ಇದ್ದಾಗ ಕೆಳಗೆ ಟಕ್ ಟಕ್ ಅಂತ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಅವಳದೇ ಕಾಲು. ಕಬ್ಬಿಣದ ತುಳಿಹಲಗೆಯ ಮೇಲೆ ತನ್ನ ಪಾಡಿಗೆ ತಾನು ಆಡುತ್ತಿತ್ತು, ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ಗಲ್ಲದ ಕೆಳಗಿನ ಕೈ ಅದುರುತ್ತಿತ್ತು. ಕಾಲು ಒಂದು ಕೂದಲೆಳೆಯಷ್ಟೂ ಅದುರಲಿಲ್ಲ.

ಅವಳು ತುಳಿಹಲಗೆಯನ್ನು ಬೇಕೆಂದೇ ನಿಧಾನವಾಗಿ ಒತ್ತಿದಳು. ಅದು ನಿಧಾನವಾಗಿ ಇಳಿಯಿತು. ಅಲ್ಲೇ ನಿಲ್ಲಿಸಿದಳು. ನಿಂತಿತು.

"ಅಯ್ಯೋ ನಿನ್ನ!" ಅಂತ ಕಾಲಿಗೆ ಹೇಳಿದಳು. "ಇಷ್ಟು ದಿನ ಎಲ್ಲಿ ಅಡಗಿದ್ದೆ?"

ಮೆಶಿನ್ ರಿಪೇರಿಯವನನ್ನು ಕರೆಸಿದಳು. ಅವನು ಅವಳ ಕಾರ್ಖಾನೆಯ ಕಾಲದ ಪರಿಚಯ. ಮಾತಿಗೆ ಮೊದಲು ಗೊಣಗು, ಗೊಣಗಿಗೆ ಮೊದಲು ಕೆಮ್ಮು. ಅವಳು ಹೇಳಿದ್ದನ್ನೆಲ್ಲ ಕೇಳಿ ತಲೆ ಕೆರೆದುಕೊಂಡ.

"ಅಮ್ಮ, ಮೆಶಿನ್ನಿಗೆ ಬೆಲ್ಟ್ ಹಾಕೋದು ಗೊತ್ತು. ಬೆಲ್ಟ್ ಬಿಚ್ಚಿ, ತಲೆ ತೆಗೆದು, ಚಿತ್ರ ಬರೆಯೋ ಹಂಗೆ ಮಾಡೋದು ನಮ್ಮಪ್ಪನೂ ಕಲಿಸಿಲ್ಲ."

"ನಿಮ್ಮಪ್ಪ ಕಲಿಸದ್ದನ್ನು ನಾನು ಕಲಿಸ್ತೀನಿ, ಕೂತ್ಕೊ."

ಅವಳು ಹೇಳುತ್ತಾ ಹೋದಳು, ಅವನು ಗೊಣಗುತ್ತಾ ಮಾಡುತ್ತಾ ಹೋದ. ಮೆಶಿನ್ನಿನ ತಲೆ ತೆಗೆದು ಪಕ್ಕಕ್ಕಿಟ್ಟರು. ಮೇಜಿನ ಮೇಲೆ ಒಂದು ಹಲಗೆ, ಅದರ ಒಂದು ಅಂಚಿಗೆ ಬಾಗಿಲಿಗೆ ಹಾಕುವಂಥ ಎರಡು ತಿರುಗಣೆ. ಚಕ್ರವನ್ನು ತಿರುಗಿಸುತ್ತಿದ್ದ ಉದ್ದನೆಯ ಕಂಬಿಯನ್ನು ಚಕ್ರದಿಂದ ಬಿಚ್ಚಿ ಆ ಹಲಗೆಯ ಇನ್ನೊಂದು ಅಂಚಿನ ಕೆಳಗೆ ಕಟ್ಟಿದರು. ಹಲಗೆಯ ಮೇಲೆ, ಬೇಕರಿಯವರು ಕೇಕಿಗೆ ಅಲಂಕಾರ ಮಾಡುವಾಗ ಇಟ್ಟುಕೊಳ್ಳುತ್ತಾರಲ್ಲ, ಅಂಥ ತಿರುಗುವ ತಟ್ಟೆ, ಚಿತ್ರದ ಹಲಗೆ ಇಡುವುದು ಅದರ ಮೇಲೆ. ಹಿಮ್ಮಡಿ ಒತ್ತಿದರೆ ಅಂಚು ಏಳುತ್ತದೆ, ಮುಂಗಾಲು ಒತ್ತಿದರೆ ಇಳಿಯುತ್ತದೆ. ಬೇರೆ ಕಡೆಗೆ ಓರೆ ಬೇಕಾದರೆ ತಟ್ಟೆ ಒಂದಿಷ್ಟು ತಿರುಗಿಸಿದರೆ ಸಾಕು.

ರಿಪೇರಿಯವನು ಹೊರಡುವಾಗ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟು, ಎಣ್ಣೆಯ ಡಬ್ಬಿ ಅಲ್ಲೇ ಇಟ್ಟ. "ಕಿರುಗುಟ್ಟಿದರೆ ಒಂದು ತೊಟ್ಟು ಬಿಡಿ. ಚಿತ್ರ ಕೆಟ್ಟರೆ ನನ್ನ ಹೆಸರು ಹೇಳಬೇಡಿ."

ಕೆಳಗಿನ ಮನೆಗೆ ಟಕ್ ಟಕ್ ಸದ್ದು ಕೇಳುತ್ತಿತ್ತು. "ಅಕ್ಕ ಮತ್ತೆ ಖಾಕಿ ಹೊಲೀತಾ ಇದ್ದಾಳಾ?" ಅಂತ ಓರಗಿತ್ತಿ ಮಗನನ್ನು ಕೇಳಿದಳು. ಮೇಲೆ ಹತ್ತಿ ನೋಡಲು ಹೋಗಲಿಲ್ಲ. ಪಣದ ನಡುವೆ ಇಣುಕುವುದು ಅವಳ ನ್ಯಾಯದಲ್ಲಿ ಇರಲಿಲ್ಲ.

ಖಾಕಿಯಕ್ಕ ಮೊದಲು ಹಳೇ ಕೆಸರು ಬಣ್ಣ ಸುರಿದು ಕಾಲನ್ನು ಪಳಗಿಸಿದಳು. ಎಷ್ಟು ಒತ್ತಿದರೆ ಬಣ್ಣ ನಡೆಯುತ್ತದೆ, ಎಷ್ಟು ಒತ್ತಿದರೆ ಓಡುತ್ತದೆ. ನಡೆಯುವ ಬಣ್ಣ ತನ್ನ ಮೈ ಬಿಡುವುದಿಲ್ಲ, ಓಡುವ ಬಣ್ಣ ಎದುರಿಗೆ ಬಂದವರನ್ನೆಲ್ಲ ತಬ್ಬುತ್ತದೆ. ಹದ ಸಿಕ್ಕಿತು ಅನ್ನಿಸಿದ ಮೇಲೆ ಒಂದು ಬೆಳಿಗ್ಗೆ, ಬಿಸಿಲು ಕಿಟಕಿಗೆ ಬಂದ ಹೊತ್ತಿಗೆ, ತಟ್ಟೆಯ ಮೇಲೆ ಹೊಸ ಹಲಗೆ ಇಟ್ಟಳು. ಆರು ಬಣ್ಣ ಒಂದೇ ಹದಕ್ಕೆ ಕಲಸಿದಳು. ಚಮಚೆ ಎತ್ತಿದರೆ ದಾರದ ಹಾಗೆ ಇಳಿಯಬೇಕು, ಆ ದಾರ ಮೇಲೆ ಒಂದು ಗಳಿಗೆ ಕಂಡು ಮುಳುಗಬೇಕು. ಕ್ಲಾಸಿನಲ್ಲಿ ಬಣ್ಣದ ನಡುವೆ ಕಣ್ಣಿನಂಥ ಉಂಗುರಗಳು ಮೂಡಲಿ ಅಂತ ಸಿಲಿಕೋನ್ ಅನ್ನುವ ಎಣ್ಣೆ ಒಂದು ತೊಟ್ಟು ಹಾಕುತ್ತಿದ್ದರು. ಅವಳ ಹತ್ತಿರ ಅದು ಇರಲಿಲ್ಲ. ಎದುರಿಗೆ ರಿಪೇರಿಯವನ ಡಬ್ಬಿ ಇತ್ತು. ಎಣ್ಣೆ ಅಂದ ಮೇಲೆ ಎಣ್ಣೆ ತಾನೆ ಅಂದುಕೊಂಡು ಅದನ್ನೇ ತೊಟ್ಟಿಕ್ಕಿಸಿದಳು. ಕೈ ನಡುಗಿ ಒಂದಕ್ಕೆ ನಾಲ್ಕು ತೊಟ್ಟು ಬಿತ್ತು.

ಸುರಿದಳು. ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತು ಹಿಮ್ಮಡಿ ಒತ್ತಿದಳು. ಕೆಂಪು ಮೊದಲು ಹೊರಟಿತು, ಹಿಂದೆಯೇ ಬಿಳಿ, ಅದರ ಹಿಂದೆ ಹಸಿರು, ಒಬ್ಬರ ಸೆರಗು ಒಬ್ಬರು ತುಳಿಯದೆ. ಹಳದಿ ಬಿಚ್ಚಿಕೊಂಡಿತು. ಅಲ್ಲಲ್ಲಿ ಸಣ್ಣ ಸಣ್ಣ ಕಣ್ಣು ತೆರೆದವು, ಒಂದೊಂದರ ಒಳಗೂ ನೇರಳೆ ಪಾಪೆ. ಖಾಕಿಯಕ್ಕನಿಗೆ ಕೂಗಬೇಕು ಅನ್ನಿಸಿತು, ಕೂಗಲಿಲ್ಲ.

ಒಂದು ಮೂಲೆ ಮಾತ್ರ ಬರಿದಾಗಿ ಉಳಿದಿತ್ತು. ಉಗುರಿನಷ್ಟು ಜಾಗ. ಎಲ್ಲರೂ ಮಾಡುವುದು ಏನೆಂದರೆ, ಅಂಚಿನಿಂದ ತೊಟ್ಟಿಕ್ಕಿದ ಬಣ್ಣವನ್ನು ಬೆರಳಲ್ಲಿ ತೆಗೆದು ಅಲ್ಲಿಗೆ ಒತ್ತುವುದು. ಅವಳು ಬೆರಳು ಚಾಚಿದಳು. ಬೆರಳು ಅದುರುವುದನ್ನು ನೋಡಿ ಹಿಂದಕ್ಕೆ ಎಳೆದುಕೊಂಡಳು. "ನೀನು ಬೇಡ" ಅಂತ ಕಾಲಿನಿಂದಲೇ ಇನ್ನೊಂದು ಸಲ ಒತ್ತಿದಳು. ಬಣ್ಣ ಮೂಲೆ ತುಂಬಿತು. ತುಂಬುವ ಅವಸರದಲ್ಲಿ ಕೆಂಪು ತನ್ನ ಬಿಳಿ ಒಳಬಟ್ಟೆಯನ್ನು ದಾಟಿ ಹಸಿರಿಗೆ ಹಾಯ್ದಿತು. ಹೆಬ್ಬೆರಳಿನಗಲ ಕೆಸರು.

ಅವಳು ಕಾಲು ತೆಗೆದು ನೆಲದ ಮೇಲಿಟ್ಟಳು. ಇನ್ನು ಮುಟ್ಟಲಿಲ್ಲ. ಮುಟ್ಟಿದಷ್ಟೂ ಕೆಸರು ಬೆಳೆಯುತ್ತದೆ ಅನ್ನುವಷ್ಟು ಕಲಿತಿದ್ದಳು.

ಒಣಗಿದ ಮೇಲೆ ಇನ್ನೊಂದು ಪೆಟ್ಟು. ಹಲಗೆ ಪೂರ್ತಿ ಮಂಕು. ಮೇಲೆ ಒಂದು ಜಿಡ್ಡಿನ ಪೊರೆ, ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಹಬೆ ಕೂತ ಹಾಗೆ. ನೋಡಲು ಬಂದ ಟೀಚರ್ ಬೆರಳಾಡಿಸಿ ಮೂಸಿದರು.

"ಇದೇನಮ್ಮ, ಗ್ಯಾರೇಜಿನ ವಾಸನೆ?"

"ಮೆಶಿನ್ ಎಣ್ಣೆ."

ಟೀಚರ್ ಹಣೆ ಹಿಡಿದುಕೊಂಡರು. "ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಮಂಕಾಗೋದು ಸಹಜ, ಮೇಲೆ ವಾರ್ನಿಷ್ ಕೊಟ್ಟರೆ ಮತ್ತೆ ಎದ್ದುಬರುತ್ತೆ. ಆದರೆ ಎಣ್ಣೆ ಮೇಲೆ ವಾರ್ನಿಷ್ ನಿಲ್ಲಲ್ಲ, ಎಲೆ ಮೇಲೆ ನೀರು ಬಿದ್ದಂಗೆ ಗುಂಡುಗುಂಡಾಗಿ ಸರಿದುಹೋಗುತ್ತೆ. ಸಿಲಿಕೋನ್ ಆದರೆ ಒರೆಸೋದು ನನಗೆ ಗೊತ್ತು. ಇದು ಗೊತ್ತಿಲ್ಲ."

"ಇದು ನನಗೆ ಗೊತ್ತು" ಅಂದಳು ಖಾಕಿಯಕ್ಕ.

ಮೆಶಿನ್ ಎಣ್ಣೆ ಬಟ್ಟೆಯ ಮೇಲೆ ಬೀಳದ ದಿನ ಕಾರ್ಖಾನೆಯಲ್ಲಿ ಒಂದಾದರೂ ಇತ್ತೇ? ಡಬ್ಬದಿಂದ ಗುರುತು ಹಾಕುವ ಸೀಮೆಸುಣ್ಣದ ತುಂಡುಗಳನ್ನು ತೆಗೆದು, ಕಲ್ಲಿನಲ್ಲಿ ಅರೆದು, ಜರಡಿ ಹಿಡಿದು, ಹಲಗೆಯ ಮೇಲೆ ಉದುರಿಸಿದಳು. ಆರು ಬಣ್ಣವೂ ಬಿಳಿಯ ಕೆಳಗೆ ಮುಚ್ಚಿಹೋದವು. ಟೀಚರ್ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಸುಣ್ಣ ಎಣ್ಣೆ ಕುಡಿಯುವ ತನಕ ಖಾಕಿಯಕ್ಕ ಕಾದಳು, ಮೆತ್ತನೆ ಬಟ್ಟೆಯಲ್ಲಿ ಒರೆಸಿದಳು, ಮತ್ತೆ ಉದುರಿಸಿದಳು, ಮತ್ತೆ ಕಾದಳು. ಪುಡಿ ಹಳದಿಗಟ್ಟದೆ ಒಣಗಾಗಿಯೇ ಉದುರಿದ ಮೇಲೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಂದು ಸಲ, ಬರೀ ನೀರಿನ ಬಟ್ಟೆಯಿಂದ ಇನ್ನೊಂದು ಸಲ ಒರೆಸಿದಳು. ಟೀಚರ್ ಒಂದು ಮೂಲೆಗೆ ವಾರ್ನಿಷ್ ಹಚ್ಚಿ ನೋಡಿದರು. ನಿಂತಿತು. ಇಬ್ಬರೂ ಸೇರಿ ನಕ್ಕರು. ಉಳಿದದ್ದನ್ನು ಖಾಕಿಯಕ್ಕ ಸ್ಪಂಜಿನಲ್ಲಿ ತಾನೇ ಹಚ್ಚಿದಳು. ಕೈ ಅದುರಿದರೂ ಸ್ಪಂಜಿಗೆ ಅದರ ಲೆಕ್ಕವಿರಲಿಲ್ಲ. ಕೆಂಪು ಬೆಂಕಿಯ ಹಾಗೆ ಎದ್ದು ಕೂತಿತು.

ಟೀಚರ್ ಕಣ್ಣು ಆ ಕೆಸರಿನ ಮೂಲೆಗೆ ಹೋಯಿತು. "ಚೌಕಟ್ಟು ಹಾಕಿಸಿ. ಅದರ ಅಂಚು ಎರಡು ಬೆರಳಗಲ ಒಳಗೆ ಬರುತ್ತೆ. ಮುಚ್ಚಿಹೋಗುತ್ತೆ."

"ಹೊಲಿಗೆ ತಪ್ಪಿದರೆ ಬಿಚ್ಚಬೇಕು. ಬಿಚ್ಚೋಕೆ ಆಗದಿದ್ದರೆ ಹಂಗೇ ತೋರಿಸಬೇಕು. ಮುಚ್ಚೋದಿಲ್ಲ."

ಮಗನ ರಜೆ ಬಂತು. ಅವನು ಮಂಚ ಇಳಿಸಲು ಉದ್ದದ ಹಗ್ಗ ಹೆಗಲಿಗೆ ಹಾಕಿಕೊಂಡು ಮೇಲೆ ಬಂದ. ಹಿಂದೆ ಓರಗಿತ್ತಿ, ಕನ್ನಡಕ ಬೇಕೆಂದೇ ಕೆಳಗೆ ಬಿಟ್ಟು, ಕಂಬಿ ಹಿಡಿದು ಏದುಸಿರು ಬಿಡುತ್ತಾ ಹತ್ತಿದಳು. ಹಲಗೆ ಕಿಟಕಿಯ ಎದುರು ಗೋಡೆಗೆ ಒರಗಿ ನಿಂತಿತ್ತು.

ಓರಗಿತ್ತಿ ಬಾಗಿಲಲ್ಲೇ ನಿಂತಳು. ಆಮೇಲೆ ಹತ್ತಿರ ಬಂದಳು. ಬೆರಳು ಚಾಚಿ ಒಂದೊಂದಾಗಿ ಎಣಿಸತೊಡಗಿದಳು. "ಕೆಂಪು. ಹಳದಿ. ಇದು ಹಸಿರು. ನೀಲಿ. ಅಗೋ ಕಿತ್ತಳೆ. ನೇರಳೆ... ಈ ಕಣ್ಣಿನ ಒಳಗೆ." ಬೆರಳು ಇಳಿಯುತ್ತಾ ಇಳಿಯುತ್ತಾ ಮೂಲೆಗೆ ಬಂದು ನಿಂತಿತು.

"ಇಲ್ಲಿ ಕಲಸಿದೆ ಅಕ್ಕ."

"ಹೌದು."

"ಕಲಸಬಾರದು ಅಂತ ಮಾತಾಗಿತ್ತು."

"ಆಗಿತ್ತು."

"ಸೋತೆ ಹಂಗಾದ್ರೆ." ಹೇಳಿದ ದನಿಯಲ್ಲಿ ಗೆಲುವು ಇರಲಿಲ್ಲ. ಇದ್ದದ್ದನ್ನು ಹೇಳಿದ್ದಳು, ಅಷ್ಟೆ.

"ಸೋತೆ" ಅಂದಳು ಖಾಕಿಯಕ್ಕ.

ಮಗ ನಿಟ್ಟುಸಿರು ಬಿಟ್ಟು ಹಗ್ಗ ಬಿಚ್ಚಿ, ಹಾಸಿಗೆ ಸುತ್ತಲು ಬಗ್ಗಿದ.

"ಹಾಸಿಗೆ ಮುಟ್ಟಬೇಡ. ನಾನು ಎಲ್ಲಿಗೂ ಬರಲ್ಲ."

"ದೊಡ್ಡಮ್ಮ! ಮಾತು ಕೊಟ್ಟಿದ್ದಿರಲ್ಲ?"

"ಕೊಟ್ಟಿದ್ದೆ. ಈಗ ಮುರೀತಾ ಇದ್ದೀನಿ. ಹುಟ್ಟಿದಾಗಿನಿಂದ ಕೊಟ್ಟ ಮಾತೆಲ್ಲ ಉಳಿಸಿಕೊಂಡೇ ಬಂದಿದ್ದೀನಿ. ಇದೊಂದು ಮುರಿದರೆ ಮನೆ ಕುಸಿಯಲ್ಲ."

"ಇದು ನ್ಯಾಯ ಅಲ್ಲ ಅಕ್ಕ" ಅಂದಳು ಓರಗಿತ್ತಿ.

"ಅಲ್ಲ. ನನ್ನ ಕೋಣೆ ಪಣಕ್ಕಿಟ್ಟೆನಲ್ಲ, ಅದೂ ನ್ಯಾಯ ಆಗಿರಲಿಲ್ಲ. ನೀನು ಕೈ ಸ್ವಾಧೀನ ಇಲ್ಲ ಅಂದೆ, ನಾನು ಹೆದರಿ ಹೂಂ ಅಂದೆ. ಈ ಮೂಲೆ ಯಾಕೆ ಕಲಸಿತು ಗೊತ್ತಾ? ಕೈ ನಡುಗಿದ್ದಕ್ಕೆ ಅಲ್ಲ. ಬೆರಳಲ್ಲಿ ಒಂದು ತೊಟ್ಟು ಇಟ್ಟಿದ್ದರೆ ಮುಗೀತಿತ್ತು. ನಡುಗುತ್ತಲ್ಲ ಅಂತ ಬೆರಳು ಇಡಲಿಲ್ಲ. ನೀನು ನನ್ನ ಕೈ ನಂಬದಿದ್ದರೆ ಹೋಗಲಿ, ನಾನೇ ನಂಬಲಿಲ್ಲ. ಆ ತಪ್ಪು ಇನ್ನೊಂದು ಸಲ ಮಾಡಲ್ಲ. ಅದಕ್ಕೇ ಕೆಳಗೆ ಬರಲ್ಲ."

"ಬಿದ್ದರೆ?"

"ಬಿದ್ದರೆ ಬಿದ್ದೆ. ಹೋದ ವರ್ಷ ನೀನು ಬಚ್ಚಲಲ್ಲಿ ಜಾರಿ ಬಿದ್ದೆಯಲ್ಲ, ಅದು ಎಷ್ಟನೇ ಮಹಡಿ?"

ಮಗ ನಗು ತಡೆಯಲು ಕೆಮ್ಮಿದ. ಓರಗಿತ್ತಿ ಅವನನ್ನು ದುರುಗುಟ್ಟಿ ನೋಡಿದಳು, ಖಾಕಿಯಕ್ಕನನ್ನು ದುರುಗುಟ್ಟಿ ನೋಡಿದಳು, ಆ ಹಲಗೆಯನ್ನು ಇನ್ನೊಂದು ಸಲ ನೋಡಿದಳು. ಆಮೇಲೆ ಹೋಗಿ ಮಂಚದ ನಟ್ಟನಡುವೆ ಭಾರವಾಗಿ ಕೂತುಬಿಟ್ಟಳು.

"ಅಮ್ಮ, ಏಳು. ಮಂಚ ಎತ್ತಬೇಕು."

"ಕೂತಿದ್ದೀನಿ, ಕಾಣಲ್ವಾ? ಆ ಮೆಟ್ಟಿಲು ಹತ್ತಿ ಮಂಡಿ ಹೋಗಿದೆ. ನೀನು ಆ ಹಗ್ಗ ತಗೊಂಡು ಹೋಗಿ ಮೆಟ್ಟಿಲ ಇನ್ನೊಂದು ಪಕ್ಕಕ್ಕೆ ಬಿಗಿಯಾಗಿ ಕಟ್ಟು, ಹಿಡಿಯೋಕೆ ಆಗುತ್ತೆ. ಬರೀ ನಿಂತಿರ್ತಾನೆ ಕಂಬ ಇದ್ದಂಗೆ."

"ಅವರು ಸೋತರಲ್ಲಮ್ಮ?"

"ಸೋತಳು. ನಾನೇ ಹೇಳಲಿಲ್ವಾ? ಸೋತರೂ ಬರಲ್ಲ ಅನ್ನೋರನ್ನು ಏನು ಮಾಡ್ತೀಯ, ಮಾತ್ರೆ ಕೊಡ್ತೀಯಾ?"

ಮಗ ಹಗ್ಗ ಎತ್ತಿಕೊಂಡು ಹೊರಗೆ ಹೋದ. ಓರಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದೇನೋ ಕಾಲಲ್ಲಿ ಮಾಡ್ತೀಯಂತಲ್ಲ, ಟಕ್ ಟಕ್ ಅಂತ. ಮಾಡು ನೋಡೋಣ. ಪಣ ಗಿಣ ಏನೂ ಬೇಡ."

ಖಾಕಿಯಕ್ಕ ಹೊಸ ಹಲಗೆ ತೆಗೆದು ತಟ್ಟೆಯ ಮೇಲಿಟ್ಟಳು. ಬಣ್ಣ ಹೊಯ್ದಳು, ನಡುವೆ ನಡುವೆ ಬಿಳಿ. ಈ ಸಲ ಎಣ್ಣೆ ಮುಟ್ಟಲಿಲ್ಲ. ಸುರಿದು, ಕೂತು, ಹಿಮ್ಮಡಿ ಒತ್ತಿದಳು. ಬಣ್ಣ ನಡೆಯತೊಡಗಿತು. ಓರಗಿತ್ತಿ ಮಂಚದ ಮೇಲಿಂದಲೇ ಕತ್ತು ಚಾಚಿ, "ಕೆಂಪು ಬರ್ತಾ ಇದೆ, ಕೆಂಪು ಬರ್ತಾ ಇದೆ, ನಿಲ್ಲಿಸೇ!" ಅಂತ ಕೂಗಿದಳು.

"ಅದಕ್ಕೆ ಗೊತ್ತು ಎಲ್ಲಿ ನಿಲ್ಲಬೇಕು ಅಂತ. ನೀನು ಸುಮ್ಮನಿರು."

ಕಾಲು ತೆಗೆದಳು. ಹಲಗೆಯ ಒಂದು ಮೂಲೆ ಈ ಸಲವೂ ಬರಿದು. ಖಾಕಿಯಕ್ಕ ಅಂಚಿನಿಂದ ಇಳಿಯುತ್ತಿದ್ದ ಕೆಂಪನ್ನು ತೋರುಬೆರಳಿನಲ್ಲಿ ತೆಗೆದುಕೊಂಡಳು. ಬೆರಳು ಯಾವತ್ತಿನಂತೆ ಅದುರುತ್ತಿತ್ತು. ಅದುರುತ್ತಿದ್ದ ಹಾಗೆಯೇ ಕೊಂಡೊಯ್ದು ಮೂಲೆಯ ಮೇಲಿಟ್ಟಳು. ಕೆಂಪು ಅಲ್ಲಿ ಸಣ್ಣ ಸಣ್ಣ ಅಲೆಯಾಗಿ ಕೂತಿತು, ಪಕ್ಕದ ಹಸಿರನ್ನು ಮುಟ್ಟದೆ.

"ಸಾಕು ಬಿಡೇ ಅಕ್ಕ, ಕೆಡುತ್ತೆ" ಅಂದಳು ಓರಗಿತ್ತಿ.

"ಕೆಟ್ಟರೆ ಇನ್ನೊಂದು ಸುರೀತೀನಿ" ಅಂತ ಖಾಕಿಯಕ್ಕ ಇನ್ನೊಂದು ತೊಟ್ಟಿಗೆ ಬೆರಳು ಚಾಚಿದಳು.